ಕೈಬಿಟ್ಟೊಡನೆ ನಿಲ್ಲಬೇಕಾದ ಯಂತ್ರ

(ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕನ್ನಡ ಕೂಟದ ಉಪನ್ಯಾಸಕ್ಕೆ ವೈದ್ಯರನ್ನು ಆಹ್ವಾನಿಸಿದರೆ ಅವರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಮಾತನಾಡುವುದು ವಾಡಿಕೆ. ಅದನ್ನೆಲ್ಲ ತಲೆದೂಗುತ್ತ ಕೇಳಿ, ಅನಂತರ ಊಟದ ಸಾಲಿನಲ್ಲಿ ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಳ್ಳುವುದೂ ವಾಡಿಕೆಯೇ. ಈ ಬಾರಿ ನಾವು ಆ ಹಾದಿಯನ್ನು ಬಿಟ್ಟು, ಕಾಂಕ್ರೀಟು ನೆಲವನ್ನು ತಿಕ್ಕಿ ನಯಗೊಳಿಸುವ ಯಂತ್ರವೊಂದರ ವಿಷಯವನ್ನು ಎತ್ತಿಕೊಂಡಿದ್ದೇವೆ. ವೈದ್ಯರಿಗೇಕೆ ಈ ಗಾರೆ ಕೆಲಸದ ಮಾತು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ.

ಈ ಯಂತ್ರದಿಂದಾಗುವ ಗಾಯಗಳು ಕೊನೆಗೆ ಬಂದು ಸೇರುವುದು ವೈದ್ಯರ ಬಳಿಗೇ. ಅಮೆರಿಕದಲ್ಲಿ ಉಪಕರಣಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿಂದ ಇದನ್ನು ದಿನದ ಲೆಕ್ಕದಲ್ಲಿ ಯಾರು ಬೇಕಾದರೂ ತರಬಹುದು. ಕಾರು ನಡೆಸಲು ಪರವಾನಗಿ ಬೇಕು, ಇದಕ್ಕೆ ಬೇಡ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು, ಶನಿವಾರ ಬೆಳಿಗ್ಗೆ ಗ್ಯಾರೇಜಿನ ನೆಲವನ್ನು ತಾವೇ ಹಾಕಿಕೊಳ್ಳಲು ಹೊರಡುವ ಬಂಧುಗಳು ನಮ್ಮಲ್ಲಿ ಕಡಿಮೆಯಿಲ್ಲ. ಕಟ್ಟಡದ ಗುತ್ತಿಗೆಯಲ್ಲಿ ತೊಡಗಿರುವವರೂ ನಮ್ಮ ನಡುವೆ ಇದ್ದಾರೆ. ಎರಡನೆಯ ಗುಂಪಿನವರಿಗೆ ಕಾನೂನಿನ ಕಣ್ಗಾವಲಾದರೂ ಉಂಟು. ಮೊದಲನೆಯವರನ್ನು ಕೇಳುವವರಿಲ್ಲ.

ಪವರ್ ಟ್ರೋವೆಲ್ ಎಂಬುದು ಇದರ ರೂಢಿಯ ಹೆಸರು. ನಮ್ಮ ಮೇಸ್ತ್ರಿಗಳ ಕೈಯಲ್ಲಿರುವ ಕರಣೆಯ ಯಂತ್ರರೂಪವೇ ಇದು. ಊರಿನ ಹಳೆಯ ಮನೆಗಳ ಕೆಂಪು ಗಾರೆಯ ನೆಲವನ್ನು ನೆನಪಿಸಿಕೊಳ್ಳಿ. ಗಾರೆ ಇನ್ನೂ ಹಸಿಯಾಗಿರುವಾಗ, ಆದರೆ ತೀರ ಮೆತ್ತಗಿಲ್ಲದಾಗ, ಮೇಸ್ತ್ರಿಯು ಉಕ್ಕಿನ ಕರಣೆಯನ್ನು ಒತ್ತಿ ಒತ್ತಿ ಎಳೆಯುತ್ತಿದ್ದನು. ಮೇಲ್ಪದರದ ಸಣ್ಣ ರಂಧ್ರಗಳು ಮುಚ್ಚಿಹೋಗಿ ನೆಲವು ಕನ್ನಡಿಯಂತೆ ಹೊಳೆಯುತ್ತಿತ್ತು. ಈ ಯಂತ್ರವೂ ಮಾಡುವುದು ಅದನ್ನೇ. ಒಂದು ಎಂಜಿನ್ನು, ಅದರ ಕೆಳಗೆ ಸಾಮಾನ್ಯವಾಗಿ ನಾಲ್ಕು ಉಕ್ಕಿನ ಅಲಗುಗಳು, ಅವುಗಳ ಸುತ್ತ ಕಾವಲಿಗೆ ಒಂದು ಲೋಹದ ಬಳೆ, ಹಿಂದಕ್ಕೆ ಚಾಚಿಕೊಂಡ ಉದ್ದನೆಯ ಹಿಡಿ. ಹೆಚ್ಚು ಬಳಕೆಯಲ್ಲಿರುವುದು 36 ಅಂಗುಲ ವ್ಯಾಸದ ಯಂತ್ರ, ತೂಕ ಸುಮಾರು 80ರಿಂದ 100 ಕಿಲೋಗ್ರಾಂ. ಬೆಂಗಳೂರಿನ ದೊಡ್ಡ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಟ್ರೆಮಿಕ್ಸ್ ನೆಲ ಎಂದು ಕರೆಯುವ ಕೆಲಸದಲ್ಲಿಯೂ ಕೊನೆಯ ನಯವನ್ನು ಇದರಿಂದಲೇ ತರುತ್ತಾರೆ.

ಹಲವು ದೇಶಗಳಲ್ಲಿ ಕೆಲಸಗಾರರು ಇದಕ್ಕೆ ಹೆಲಿಕಾಪ್ಟರ್ ಎಂಬ ಅಡ್ಡಹೆಸರಿಟ್ಟಿದ್ದಾರೆ. ಅಲಗುಗಳು ತಿರುಗುವುದನ್ನು ನೋಡಿ ಇಟ್ಟ ಹೆಸರಿರಬೇಕು. ಆದರೆ ಆ ಹೆಸರಿನಲ್ಲಿ ಅವರು ಎಣಿಸಿದ್ದಕ್ಕಿಂತ ಹೆಚ್ಚಿನ ಅರ್ಥವಿದೆ. ಹೆಲಿಕಾಪ್ಟರಿನ ಬಾಲದಲ್ಲಿ ಒಂದು ಸಣ್ಣ ರೆಕ್ಕೆ ತಿರುಗುತ್ತಿರುವುದನ್ನು ತಾವು ನೋಡಿರುತ್ತೀರಿ. ಮೇಲಿನ ದೊಡ್ಡ ರೆಕ್ಕೆಗಳು ಒಂದು ದಿಕ್ಕಿಗೆ ತಿರುಗಿದರೆ ಅದರ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆದು ಹಿಡಿಯುವುದೇ ಬಾಲದ ರೆಕ್ಕೆಯ ಕೆಲಸ. ನಮ್ಮ ಯಂತ್ರದಲ್ಲಿಯೂ ನ್ಯೂಟನ್ನನ ಆ ನಿಯಮವೇ ನಡೆಯುತ್ತದೆ. ಇಲ್ಲಿ ಬಾಲದ ರೆಕ್ಕೆ ಯಾವುದು? ಹಿಡಿಯನ್ನು ಹಿಡಿದು ನಿಂತಿರುವವರ ಎರಡು ತೋಳುಗಳು. ಈ ಒಂದು ಸಂಗತಿಯನ್ನು ಅರಿತರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಲೆಕ್ಕ ಹಾಕಿ ನೋಡೋಣ. ಎಂಜಿನ್ನಿನ ಶಕ್ತಿ 4 ಕಿಲೋವಾಟ್, ಅಲಗುಗಳ ವೇಗ ನಿಮಿಷಕ್ಕೆ 100 ಸುತ್ತು ಎಂದಿಟ್ಟುಕೊಂಡರೆ, ಪೂರ್ಣ ಶಕ್ತಿಯಲ್ಲಿ ಹೊಮ್ಮುವ ತಿರುಚುಬಲ ಸುಮಾರು 380 ನ್ಯೂಟನ್ ಮೀಟರ್. ಹಿಡಿಯ ತುದಿ ನಡುವಿನಿಂದ ಒಂದೂವರೆ ಮೀಟರ್ ದೂರದಲ್ಲಿದ್ದರೆ ಅಲ್ಲಿ ತಡೆಯಬೇಕಾದ ಬಲ 25 ಕಿಲೋ ತೂಕದ ಅಕ್ಕಿ ಚೀಲಕ್ಕೆ ಸಮ. ನೆಲವು ನೀರು ನೀರಾಗಿರುವಾಗ ಅಲಗುಗಳು ಜಾರುತ್ತವೆ, ಕೈಗೆ ಭಾರವೇ ತಿಳಿಯದು. ನೆಲ ಗಟ್ಟಿಯಾಗುತ್ತ ಬಂದಂತೆ ಹಿಡಿತ ಬಿಗಿಯಾಗುತ್ತದೆ. ಅಲಗು ಎಲ್ಲಿಯಾದರೂ ಚಾಚಿಕೊಂಡ ಕಂಬಿಗೋ ಬೋಲ್ಟಿಗೋ ತಗುಲಿದರೆ ಮಾತ್ರ ಅಷ್ಟೂ ಬಲ, ತಿರುಗುತ್ತಿದ್ದ ಭಾರದ ಹೊಡೆತದೊಡನೆ, ಒಂದೇ ಕ್ಷಣದಲ್ಲಿ ಹಿಡಿಗೆ ಬರುತ್ತದೆ. ಆಗ ಹಿಡಿ ಕೈಯಿಂದ ತಪ್ಪಿತೆನ್ನಿ. ಅಲಗುಗಳು ನಿಂತು ಹಿಡಿಯೇ ತಿರುಗತೊಡಗುತ್ತದೆ. ಸೆಕೆಂಡಿಗೆ ಒಂದು ಸುತ್ತು ತಿರುಗಿದರೂ ಅದರ ತುದಿಯ ವೇಗ ಗಂಟೆಗೆ ಸುಮಾರು 34 ಕಿಲೋಮೀಟರ್.

ಇಲ್ಲಿ ವೈದ್ಯರಿಗೆ ಆಸಕ್ತಿಯುಳ್ಳ ಒಂದು ವಿವರವಿದೆ. ಸಾಮಾನ್ಯ ಯಂತ್ರಗಳಲ್ಲಿ ಮೇಲಿನಿಂದ ನೋಡಿದಾಗ ಅಲಗುಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತವೆ. ಆದ್ದರಿಂದ ಹಿಡಿ ಎಳೆಯುವುದು ಅದರ ವಿರುದ್ಧ ದಿಕ್ಕಿಗೆ, ಅಂದರೆ ನಡೆಸುವವರ ಬಲಗಡೆಗೆ. ಕೈತಪ್ಪಿದ ಹಿಡಿ ಬಲಗಡೆಗೆ ಹೋಗಿ, ಆಚೆಯಿಂದ ಸುತ್ತಿ, ಅವರ ಎಡಗಡೆಯಿಂದ ಹಿಂತಿರುಗುತ್ತದೆ. ಸೊಂಟದ ಮಟ್ಟದಿಂದ ಪಕ್ಕೆಲುಬಿನವರೆಗೆ ಎಲ್ಲಿಯಾದರೂ ಬಡಿಯಬಹುದು. ಎಡಗಡೆಯ ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ ಗುಲ್ಮವಿದೆ. ರಕ್ತ ತುಂಬಿದ ಮೃದುವಾದ ಅಂಗ ಅದು. ಪೆಟ್ಟು ಬಿದ್ದಾಗ ಮೇಲೆ ಗಾಯವೇ ಕಾಣದಿರಬಹುದು, ಒಳಗೆ ರಕ್ತ ಸೋರುತ್ತಿರಬಹುದು. ಕೆಲವರಲ್ಲಿ ಅದು ಗಂಟೆಗಳ, ದಿನಗಳ ಅನಂತರ ಪ್ರಕಟವಾಗುತ್ತದೆ. ಎಡ ಪಕ್ಕೆಗೆ ಪೆಟ್ಟು ಬಿದ್ದವರಿಗೆ, ಭುಜಕ್ಕೆ ಏನೂ ಆಗದಿದ್ದರೂ ಎಡ ಭುಜದ ತುದಿಯಲ್ಲಿ ನೋವು ಕಾಣಿಸಿಕೊಂಡರೆ, ತಲೆ ತಿರುಗಿದರೆ, ಮೈ ಬೆವತರೆ, ನೋವಿನ ಮಾತ್ರೆ ನುಂಗಿ ಮಲಗಕೂಡದು. ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕು.

ಈ ಅಪಾಯವನ್ನು ತಡೆಯಲೆಂದೇ ಯಂತ್ರದಲ್ಲಿ ಒಂದು ಏರ್ಪಾಡು ಇರುತ್ತದೆ. ಹಿಡಿಯಲ್ಲಿರುವ ಸನ್ನೆಯನ್ನು ಒತ್ತಿ ಹಿಡಿದಿರುವವರೆಗೆ ಮಾತ್ರ ಅಲಗುಗಳು ತಿರುಗುತ್ತವೆ. ಕೈ ತೆಗೆದೊಡನೆ ಶಕ್ತಿ ಕಡಿದುಹೋಗುತ್ತದೆ. ಕೆಲವು ಯಂತ್ರಗಳಲ್ಲಿ ಒಡಲು ಗರಗರನೆ ತಿರುಗಿದರೆ ಆ ತಿರುಗುವಿಕೆಯಿಂದಲೇ ಎಂಜಿನ್ನನ್ನು ಆರಿಸುವ ಇನ್ನೊಂದು ಸ್ವಿಚ್ಚೂ ಇರುತ್ತದೆ. ಅಮೆರಿಕದ ಓಶಾ ಸಂಸ್ಥೆಯ ಕಟ್ಟಡ ಕೆಲಸದ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಕೈಯಿಂದ ನಡೆಸುವ ಇಂಥ ಯಂತ್ರಗಳಲ್ಲಿ, ನಡೆಸುವವರ ಕೈಗಳು ಹಿಡಿಯಿಂದ ದೂರವಾದಾಗ ಶಕ್ತಿಯನ್ನು ತಾನಾಗಿಯೇ ನಿಲ್ಲಿಸುವ ಸ್ವಿಚ್ಚು ಇರಲೇಬೇಕು. ಆದರೆ ಆ ಸನ್ನೆಯನ್ನು ಗಂಟೆಗಟ್ಟಲೆ ಒತ್ತಿ ಹಿಡಿದರೆ ಬೆರಳುಗಳು ಸೋಲುತ್ತವೆ. ಸೋತ ಬೆರಳಿಗೆ ಹೊಳೆಯುವ ಉಪಾಯವೆಂದರೆ ಒಂದು ತುಂಡು ತಂತಿ ಅಥವಾ ಟೇಪು. ಸನ್ನೆಯನ್ನು ಹಿಡಿಗೆ ಸುತ್ತಿ ಕಟ್ಟಿದರೆ ಆಯಿತು, ಕೈಗೆ ಆರಾಮ. ನಮ್ಮ ಅಭಿಪ್ರಾಯದಲ್ಲಿ ಈ ಯಂತ್ರದ ಬಳಕೆಯಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸ ಬೇರೊಂದಿಲ್ಲ. ಬೆರಳು ಸೋತರೆ ಯಂತ್ರವನ್ನು ನಿಲ್ಲಿಸಿ ಐದು ನಿಮಿಷ ಕುಳಿತುಕೊಳ್ಳಬಹುದು, ಇಲ್ಲವೆ ಇನ್ನೊಬ್ಬರ ಕೈಗೆ ಕೊಡಬಹುದು. ಬಾಡಿಗೆಗೆ ತರುವಾಗಲೇ ಸನ್ನೆಯ ಸುತ್ತ ಹಳೆಯ ಟೇಪಿನ ಅಂಟು ಇದೆಯೇ ಎಂದು ನೋಡಿ. ಅಂಗಡಿಯವರ ಎದುರಿಗೇ ಯಂತ್ರವನ್ನು ಚಾಲೂ ಮಾಡಿಸಿ, ಕೈಬಿಟ್ಟರೆ ನಿಲ್ಲುತ್ತದೆಯೇ ಎಂದು ತೋರಿಸಲು ಹೇಳಿ. ಸಂಕೋಚಪಡಬೇಕಾಗಿಲ್ಲ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯನ್ನು ಮುರಿದು ನೋಡುವ ಜನ ನಾವು.

ಚಾಲೂ ಮಾಡುವ ಮೊದಲಿನ ಸಿದ್ಧತೆಗೆ ಬರೋಣ. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿಟ್ಟು, ಅಲಗುಗಳ ಬೋಲ್ಟುಗಳು ಬಿಗಿಯಾಗಿವೆಯೇ, ಅಲಗು ಬಾಗಿದೆಯೇ ಬಿರಿದಿದೆಯೇ, ಕಾವಲು ಬಳೆ ನೆಟ್ಟಗಿದೆಯೇ, ಬೆಲ್ಟಿನ ಮುಚ್ಚಳ ಇದೆಯೇ ಎಂದು ನೋಡಬೇಕು. ಎಂಜಿನ್ನಿನ ಎಣ್ಣೆಯ ಮಟ್ಟ ನೋಡಬೇಕು. ಪೆಟ್ರೋಲನ್ನು ಎಂಜಿನ್ನು ತಣ್ಣಗಿರುವಾಗ, ಹೊರಗೆ, ಬೆಂಕಿಯಿಂದ ದೂರದಲ್ಲಿ ತುಂಬಬೇಕು. ಅನಂತರ ನೆಲದ ಮೇಲೊಮ್ಮೆ ಕಣ್ಣಾಡಿಸಿ, ಮೇಲೆದ್ದ ಕಂಬಿ, ಬೋಲ್ಟು, ಕೊಳವೆ, ಮೋರಿಯ ಮುಚ್ಚಳ ಎಲ್ಲೆಲ್ಲಿವೆ ಎಂದು ಗುರುತು ಹಾಕಿಕೊಳ್ಳಬೇಕು. ಹಿಡಿ ಸುತ್ತಿದರೆ ಎಷ್ಟು ದೂರ ಮುಟ್ಟುತ್ತದೆಯೋ ಅದರ ಎರಡರಷ್ಟು ದೂರಕ್ಕೆ ಉಳಿದವರನ್ನು ಕಳುಹಿಸಬೇಕು. ಮನೆಯ ಗ್ಯಾರೇಜಾದರೆ ಮಕ್ಕಳು ನೋಡಲು ಬಂದೇ ಬರುತ್ತಾರೆ. ಅವರನ್ನು ಒಳಗೆ ಕಳುಹಿಸಿ ಬಾಗಿಲು ಹಾಕಿಕೊಳ್ಳುವಂತೆ ಹೇಳುವುದು ಲೇಸು.

ಚಾಲೂ ಮಾಡುವ ಕ್ರಮ ಹೀಗಿದೆ. ಅಲಗುಗಳ ಓರೆಯನ್ನು ಪೂರ್ತಿ ಇಳಿಸಿ ಅವು ನೆಲಕ್ಕೆ ಸಮನಾಗಿ ಮಲಗಿರುವಂತೆ ಮಾಡಬೇಕು. ಯಂತ್ರವು ಹಸಿ ನೆಲದ ಮೇಲೆ ಸ್ವಲ್ಪ ಹೊತ್ತು ನಿಂತಿದ್ದರೆ ಅಲಗುಗಳು ಕಚ್ಚಿಕೊಂಡಿರುತ್ತವೆ. ಹಿಡಿಯನ್ನು ಎಡಬಲಕ್ಕೆ ಮೆಲ್ಲನೆ ಅಲುಗಿಸಿ ಮೊದಲು ಬಿಡಿಸಿಕೊಳ್ಳಬೇಕು. ಪೆಟ್ರೋಲಿನ ಕವಾಟ ತೆರೆಯಬೇಕು, ಎಂಜಿನ್ನು ತಣ್ಣಗಿದ್ದರೆ ಚೋಕ್ ಹಾಕಬೇಕು. ಥ್ರಾಟಲ್ಲು ಅತ್ಯಂತ ಕೆಳಗಿನ ವೇಗದಲ್ಲಿರಬೇಕು. ಇದು ಮುಖ್ಯ, ಏಕೆಂದರೆ ಹಲವು ಯಂತ್ರಗಳಲ್ಲಿ ವೇಗ ಏರಿದೊಡನೆ ಕ್ಲಚ್ಚು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಥ್ರಾಟಲ್ಲು ಏರಿಸಿಟ್ಟು ಹಗ್ಗ ಎಳೆದರೆ ಎಂಜಿನ್ನು ಹತ್ತಿದ ಕ್ಷಣದಲ್ಲಿಯೇ ಹಿಡಿ ಜಿಗಿಯುತ್ತದೆ. ಕೈಸನ್ನೆಯ ಕ್ಲಚ್ಚಿರುವ ಯಂತ್ರದಲ್ಲಿ ಅದು ಬಿಟ್ಟ ಸ್ಥಿತಿಯಲ್ಲಿರಬೇಕು. ಸ್ವಿಚ್ಚು ಹಾಕಿ, ಒಂದು ಕೈಯಲ್ಲಿ ಹಿಡಿಯನ್ನು ಹಿಡಿದು, ಇನ್ನೊಂದು ಕೈಯಿಂದ ಹಗ್ಗವನ್ನು ಮೊದಲು ನಿಧಾನವಾಗಿ, ತಡೆ ತಿಳಿಯುವವರೆಗೆ ಎಳೆದು, ಅನಂತರ ಒಂದೇ ಸಮನೆ ಚುರುಕಾಗಿ ಎಳೆಯಬೇಕು. ಎಳೆದ ಹಗ್ಗವನ್ನು ಫಟ್ಟನೆ ಬಿಡದೆ ಕೈಯಲ್ಲಿಯೇ ಹಿಂದಕ್ಕೆ ಕಳುಹಿಸಬೇಕು.

ಹಗ್ಗ ಎಳೆಯುವಾಗ ಯಂತ್ರ ಅಲುಗದಿರಲೆಂದು ಕಾವಲು ಬಳೆಯ ಮೇಲೆ ಕಾಲಿಟ್ಟು ನಿಲ್ಲುವುದು ಹಲವರ ರೂಢಿ. ಹಾಗೆ ಮಾಡಬಾರದೆಂದು ತಯಾರಕರ ಕೈಪಿಡಿಗಳಲ್ಲೇ ಎಚ್ಚರಿಕೆಯುಂಟು. ಸಿಮೆಂಟಿನ ನೀರಿನಿಂದ ನೆನೆದ ಬೂಟು ಬಳೆಯ ಸಂದಿನಲ್ಲಿ ಜಾರಿದರೆ, ಅದೇ ಗಳಿಗೆಯಲ್ಲಿ ಅಲಗು ತಿರುಗಿದರೆ, ಕಾಲಿನ ಗತಿಯೇನು ಎಂಬುದನ್ನು ವಿವರಿಸಬೇಕಾಗಿಲ್ಲ. ಊಟಕ್ಕೆ ಮುಂಚೆ ವಿವರಿಸುವಂಥದೂ ಅಲ್ಲ.

ಎಂಜಿನ್ನು ಹತ್ತಿದ ಮೇಲೆ ಕೆಲವು ನಿಮಿಷ ಕೆಳವೇಗದಲ್ಲಿಯೇ ಬಿಟ್ಟು ಚೋಕ್ ತೆಗೆಯಬೇಕು. ಈ ಹೊತ್ತಿನಲ್ಲಿ ಅಲಗುಗಳು ತಿರುಗಬಾರದು. ತಿರುಗುತ್ತಿದ್ದರೆ ಕ್ಲಚ್ಚು ಕೆಟ್ಟಿದೆಯೆಂದು ಅರ್ಥ. ಯಂತ್ರವನ್ನು ಆರಿಸಿ ಅಂಗಡಿಗೆ ಹಿಂತಿರುಗಿಸಬೇಕು. ಬಳಿಕ ಎರಡೂ ಕೈಗಳಿಂದ ಹಿಡಿದು, ಕಾಲುಗಳನ್ನು ಅಗಲಿಸಿ ನಿಂತು, ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಎರಡು ಹೆಜ್ಜೆ ನಡೆಸಿದ ಮೇಲೆ ಸನ್ನೆ ಬಿಟ್ಟು ನೋಡಬೇಕು. ನಿಂತರೆ ಕೆಲಸಕ್ಕೆ ತೊಡಗಬಹುದು.

ನಡೆಸುವಾಗ ಹೊಸಬರು ಮಾಡುವ ತಪ್ಪೆಂದರೆ ಯಂತ್ರವನ್ನು ಹುಲ್ಲು ಕತ್ತರಿಸುವ ಗಾಡಿಯಂತೆ ತಳ್ಳುವುದು. ಅದು ತಳ್ಳಿದರೆ ಹೋಗದು, ತಳ್ಳಿದವರ ಬೆನ್ನು ಮಾತ್ರ ನೋಯುತ್ತದೆ. ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿದರೆ ಭಾರವು ಆಚೆ ಬದಿಯ ಅಲಗುಗಳ ಮೇಲೆ ಬೀಳುತ್ತದೆ. ಅವು ಆ ಕಡೆ ಎಡದಿಂದ ಬಲಕ್ಕೆ ಸಾಗುತ್ತಿರುವುದರಿಂದ ನೆಲದ ಘರ್ಷಣೆಯು ಯಂತ್ರವನ್ನು ಎಡಕ್ಕೆ ದೂಡುತ್ತದೆ. ಹಿಡಿಯನ್ನು ಕೆಳಕ್ಕೆ ಒತ್ತಿದರೆ ಯಂತ್ರ ಬಲಕ್ಕೆ ಹೋಗುತ್ತದೆ. ಕೇವಲ ಒಂದೆರಡು ಅಂಗುಲದ ಏರಿಳಿತ ಸಾಕು. ಕೈಬಲದಿಂದಲ್ಲದೆ ಯುಕ್ತಿಯಿಂದ ನಡೆಯುವ ಯಂತ್ರ ಇದು. ಹಿಂದಕ್ಕೆ ಹೆಜ್ಜೆಯಿಡುತ್ತ ಸಾಗುವಾಗ ಬೆನ್ನ ಹಿಂದೆ ಗೋಡೆ ಎಷ್ಟು ದೂರವಿದೆ ಎಂಬುದು ಸದಾ ನೆನಪಿನಲ್ಲಿರಬೇಕು. ಗೋಡೆಗೂ ಹಿಡಿಗೂ ನಡುವೆ ಸಿಕ್ಕಿಕೊಂಡವರಿಗೆ ಸರಿಯಲು ಜಾಗವಿರುವುದಿಲ್ಲ.

ಯಾವಾಗ ಆರಂಭಿಸಬೇಕು ಎಂಬುದಕ್ಕೆ ಹಳೆಯ ಪರೀಕ್ಷೆಯೇ ಒಳ್ಳೆಯದು. ನೆಲದ ಮೇಲೆ ಒಸರಿದ ನೀರು ಆರಿರಬೇಕು, ಬೂಟುಗಾಲಿಟ್ಟರೆ ಗುರುತು 3ರಿಂದ 6 ಮಿಲಿಮೀಟರಿಗಿಂತ ಆಳ ಹೋಗಬಾರದು. ಆತುರಪಟ್ಟರೆ ನೀರು ಮೇಲ್ಪದರದ ಅಡಿಯಲ್ಲಿ ಸಿಕ್ಕಿಕೊಂಡು ಮುಂದೆ ಪದರ ಎದ್ದುಬರುತ್ತದೆ. ಅತಿಯಾಗಿ ತಡಮಾಡಿದರೆ ಗಟ್ಟಿಯಾದ ನೆಲದೊಡನೆ ಸೆಣಸಬೇಕಾಗುತ್ತದೆ; ಹಿಡಿ ಹೆಚ್ಚು ಎಳೆಯುವುದೂ ಆಗಲೇ. ಮೊದಲ ಸುತ್ತಿನಲ್ಲಿ ಅಲಗುಗಳು ಸಮನಾಗಿರಬೇಕು, ಮುಂದಿನ ಒಂದೊಂದು ಸುತ್ತಿಗೂ ಓರೆಯನ್ನು ಅಷ್ಟಷ್ಟೇ ಏರಿಸಬೇಕು. ಹಿಮ ಬೀಳುವ ರಾಜ್ಯಗಳಲ್ಲಿ ಮನೆಯ ಹೊರಗಿನ ಕಾರುಹಾದಿಗೆ ಗಾಳಿಗುಳ್ಳೆಗಳನ್ನು ಸೇರಿಸಿದ ಕಾಂಕ್ರೀಟನ್ನು ಬಳಸುತ್ತಾರೆ. ಅದಕ್ಕೆ ಈ ಯಂತ್ರದ ನಯ ಬೇಡವೇ ಬೇಡ. ಮೇಲ್ಪದರ ಕಿತ್ತುಬರುತ್ತದೆ, ಅಲ್ಲದೆ ಮಳೆಯಲ್ಲಿ ಜಾರುತ್ತದೆ.

ಈಗ ಕಣ್ಣಿಗೆ ಕಾಣದ ಶತ್ರುವಿನ ಮಾತು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಬಿಗಿಯಾಗಿ ಅಂಟಿಕೊಳ್ಳುವ ಅನಿಲವಿದು. 36 ಚದರ ಮೀಟರಿನ ಗ್ಯಾರೇಜು, ಎತ್ತರ ಎರಡೂವರೆ ಮೀಟರ್ ಎನ್ನೋಣ. ಅದರೊಳಗಿನ ಗಾಳಿ 90 ಘನ ಮೀಟರ್. ಹತ್ತು ಲಕ್ಷ ಭಾಗ ಗಾಳಿಯಲ್ಲಿ 1200 ಭಾಗ ಈ ಅನಿಲ ಸೇರಿದರೆ ಪ್ರಾಣಕ್ಕೆ ತತ್‌ಕ್ಷಣದ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯಾದ ನಯಾಶ್ ಹೇಳುತ್ತದೆ. ನಮ್ಮ ಗ್ಯಾರೇಜಿಗೆ ಆ ಲೆಕ್ಕ ಹಚ್ಚಿದರೆ ಬೇಕಾಗುವುದು ಕೇವಲ 108 ಲೀಟರು. ಸಣ್ಣ ಎಂಜಿನ್ನೊಂದು ಅಷ್ಟನ್ನು ಉಗುಳಲು ಗಂಟೆಗಳು ಬೇಡ, ನಿಮಿಷಗಳು ಸಾಕು.

ಇದೇ ಸಂಸ್ಥೆಯು 1996ರಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಬಗ್ಗೆ ಒಂದು ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿತು. ಅದು ಹೆಸರಿಸಿದ ಉಪಕರಣಗಳ ಸಾಲಿನಲ್ಲಿ ಪವರ್ ಟ್ರೋವೆಲ್ ಕೂಡ ಇದೆ. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಫ್ಯಾನು ಹಾಕಿಕೊಂಡಿದ್ದರೂ ಒಳಾಂಗಣದಲ್ಲಿ ವಿಷಪ್ರಮಾಣ ಏರಬಹುದೆಂಬುದು ಅದರ ಮುಖ್ಯ ಮಾತು. ಚಳಿಗಾಲದಲ್ಲಿ ಹಸಿ ನೆಲ ಹೆಪ್ಪುಗಟ್ಟದಿರಲೆಂದು ಗ್ಯಾರೇಜಿನ ಬಾಗಿಲೆಳೆದು, ಪ್ಲಾಸ್ಟಿಕ್ ಹಾಳೆ ಕಟ್ಟಿ, ಒಳಗೆ ಹೀಟರು ಉರಿಸಿಕೊಂಡು ಕೆಲಸ ಮಾಡುವವರಿಗೆ ಅಪಾಯ ಇನ್ನೂ ಹೆಚ್ಚು. ಪ್ರೋಪೇನ್ ಎಂಜಿನ್ನೂ ಈ ಅನಿಲವನ್ನು ಬಿಡುತ್ತದೆ. ಒಳಾಂಗಣಕ್ಕೆ ಈಗ ವಿದ್ಯುತ್ತಿನಿಂದ, ಬ್ಯಾಟರಿಯಿಂದ ನಡೆಯುವ ಯಂತ್ರಗಳು ದೊರೆಯುತ್ತವೆ. ಅಂಥದ್ದು ಸಿಗದಿದ್ದರೆ, ಸಣ್ಣ ಗ್ಯಾರೇಜಾದರೆ, ಕೈಕರಣೆಯಿಂದಲೇ ಮುಗಿಸುವುದು ಒಳಿತೆಂದು ನಾವು ಹೇಳುತ್ತೇವೆ.

ಮೊದಲು ತಲೆನೋವು, ಅನಂತರ ವಾಕರಿಕೆ, ಸುಸ್ತು, ಮಂಕು. ಇವು ಚಳಿಗಾಲದ ಫ್ಲೂ ಜ್ವರದ ಲಕ್ಷಣಗಳೂ ಹೌದು. ಜ್ವರವಿಲ್ಲದ ಫ್ಲೂ, ಅದೂ ಒಂದೇ ಜಾಗದಲ್ಲಿ ದುಡಿಯುತ್ತಿದ್ದ ಇಬ್ಬರಿಗೂ ಒಟ್ಟಿಗೇ ಬಂದರೆ ಸಂಶಯಪಡಬೇಕು. ಇಟಲಿಯ ವೈದ್ಯ ರಮಾಜ್ಜಿನಿ 1700ರಲ್ಲಿ ಕಸುಬಿನ ರೋಗಗಳ ಬಗ್ಗೆ ಬರೆದ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿದನು: ನೀವು ಏನು ಕೆಲಸ ಮಾಡುತ್ತೀರಿ? ರೆಸಿಡೆನ್ಸಿಯ ದಿನಗಳಲ್ಲಿ ನಮ್ಮ ಗುರುಗಳು ಈ ಪ್ರಶ್ನೆಯನ್ನು ಮರೆಯಲು ಬಿಡುತ್ತಿರಲಿಲ್ಲ. ಆದರೆ ಕಿಕ್ಕಿರಿದ ತುರ್ತು ವಿಭಾಗದಲ್ಲಿ ಅದನ್ನು ಕೇಳುವವರು ಸಿಗದಿರಬಹುದು. ಆದ್ದರಿಂದ ರೋಗಿಯೇ ಮುಂದಾಗಿ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಈ ವಿಷದಲ್ಲಿ ಮೋಸ ಮಾಡುತ್ತದೆ. ವಿಷ ಅಂಟಿಕೊಂಡ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕವೆಂದೇ ಎಣಿಸಿ 98 ಎಂದು ತೋರಿಸಬಹುದು. ನಿಜ ತಿಳಿಯಲು ಬೇರೆಯ ರಕ್ತಪರೀಕ್ಷೆ ಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದ ಈ ವಿಷ ಅರ್ಧಕ್ಕೆ ಇಳಿಯಲು 4ರಿಂದ 6 ಗಂಟೆ ಹಿಡಿದರೆ, ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಒಂದು ಒಂದೂವರೆ ಗಂಟೆ ಸಾಕು. ಯಾರಾದರೂ ಒಳಗೆ ಕುಸಿದು ಬಿದ್ದಿದ್ದರೆ ಮೊದಲು 911ಕ್ಕೆ ಕರೆ ಮಾಡಿ, ದೊಡ್ಡ ಬಾಗಿಲನ್ನು ಹೊರಗಿನಿಂದಲೇ ತೆರೆಯಿರಿ. ಯೋಚಿಸದೆ ಒಳಗೆ ಓಡಿದವರು ಎರಡನೆಯ ರೋಗಿಯಾಗುತ್ತಾರೆ.

ಹಸಿ ಸಿಮೆಂಟು ತೀಕ್ಷ್ಣವಾದ ಕ್ಷಾರ, ಅದರ ಪಿ.ಎಚ್. 12ರಿಂದ 13. ಯಂತ್ರ ಮುಟ್ಟಲಾರದ ಅಂಚುಗಳನ್ನು ಮಂಡಿಯೂರಿ ಕೈಯಿಂದ ಮುಗಿಸುವಾಗ ಪ್ಯಾಂಟು ನೆನೆದು ಚರ್ಮಕ್ಕೆ ತಾಗಿಕೊಂಡಿರುತ್ತದೆ. ಬಿಸಿನೀರು ಬಿದ್ದರೆ ಕೂಗಿಕೊಳ್ಳುತ್ತೇವೆ, ಇದು ಮೊದಲಿಗೆ ನೋಯುವುದೇ ಇಲ್ಲ. ಗಂಟೆಗಳ ಬಳಿಕ ಉರಿ ತಿಳಿಯುವ ವೇಳೆಗೆ ಚರ್ಮದ ಆಳದವರೆಗೆ ಸುಟ್ಟಿರಬಹುದು. ನೀರು ಹೋಗದ ಕೈಗವಸು, ಉದ್ದನೆಯ ರಬ್ಬರ್ ಬೂಟು, ಮಂಡಿಗೆ ಮೆತ್ತೆ ಬೇಕು. ತಾಗಿದರೆ ನೆನೆದ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕಡಿಮೆಯೆಂದರೆ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಹಾರಿದರೆ ತೊಳೆಯುತ್ತಲೇ ಆಸ್ಪತ್ರೆಯ ದಾರಿ ಹಿಡಿಯಬೇಕು. ಸಿಮೆಂಟಿನಲ್ಲಿರುವ ಕ್ರೋಮಿಯಂ ಅಂಶದಿಂದ ಕೆಲವರಿಗೆ ವರ್ಷಗಟ್ಟಲೆ ಕಾಡುವ ತುರಿಕೆಯೂ ಬರುತ್ತದೆ. 2005ರಿಂದ ಯೂರೋಪಿನ ಒಕ್ಕೂಟವು ಸಿಮೆಂಟಿನಲ್ಲಿ ಅದರ ಪ್ರಮಾಣಕ್ಕೆ ಮಿತಿ ಹಾಕಿದೆ.

ಕಿವಿಗೆ ಬಿರಡೆ ಹಾಕಿಕೊಳ್ಳುವುದು ಒಳ್ಳೆಯದು. ಕಂಪನದ ಮಾತು ದಿನವಿಡೀ, ವರ್ಷವಿಡೀ ಇದನ್ನು ನಡೆಸುವ ಗುತ್ತಿಗೆಯ ಬಂಧುಗಳಿಗೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾ ರಾಜ್ಯದ ಬೆಡ್‌ಫರ್ಡಿನ ಕಲ್ಲುಕುಟಿಗರನ್ನು ಪರೀಕ್ಷಿಸಿ, ಕಂಪಿಸುವ ಉಪಕರಣ ಹಿಡಿದ ಅವರ ಬೆರಳುಗಳು ಚಳಿಗೆ ಬಿಳುಪೇರಿ ಜೀವವಿಲ್ಲದಂತಾಗುವುದನ್ನು ದಾಖಲಿಸಿದರು. ಬೆರಳ ತುದಿ ಬೆಳ್ಳಗಾಗತೊಡಗಿದರೆ ಅದನ್ನು ಚಳಿಯ ಪಾಲಿಗೆ ಹಾಕಿ ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಕೆಲಸ ಮುಗಿದ ಮೇಲೆ ಥ್ರಾಟಲ್ಲು ಇಳಿಸಿ, ಅಲಗುಗಳು ನಿಂತ ಬಳಿಕ ಸ್ವಿಚ್ಚು ಆರಿಸಿ, ಪೆಟ್ರೋಲಿನ ಕವಾಟ ಮುಚ್ಚಬೇಕು. ಯಂತ್ರವನ್ನು ಹಸಿ ನೆಲದ ಮೇಲೆ ಬಿಟ್ಟುಹೋಗಬಾರದು. ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿದ ಮೇಲೆಯೇ ಅಲಗುಗಳ ಬಳಿಗೆ ಕೈ ಹೋಗಬೇಕು. ಅಂಟಿದ ಸಿಮೆಂಟನ್ನು ಗಟ್ಟಿಯಾಗುವ ಮೊದಲೇ ತೊಳೆಯಬೇಕು, ಬಿಸಿ ಎಂಜಿನ್ನಿಗೆ ಮಾತ್ರ ನೀರು ಸೋಕಿಸಬಾರದು. ವಾಹನಕ್ಕೆ ಏರಿಸುವಾಗ ಕಾವಲು ಬಳೆಯನ್ನು ಹಿಡಿದು ಎತ್ತದೆ, ಎತ್ತಲೆಂದೇ ಇರುವ ಕೊಂಡಿಗಳನ್ನು ಬಳಸಬೇಕು. 80 ಕಿಲೋ ಭಾರವನ್ನು ಒಬ್ಬರೇ ಎತ್ತಿದವರ ಬೆನ್ನಿನ ಚಿತ್ರಗಳನ್ನು ನಾವು ಸೋಮವಾರಗಳಲ್ಲಿ ಧಾರಾಳವಾಗಿ ನೋಡುತ್ತೇವೆ. ನೆರೆಮನೆಯವರನ್ನು ಕರೆಯಿರಿ, ಇಲ್ಲವೆ ಅಂಗಡಿಯಿಂದಲೇ ಒಂದು ಇಳಿಜಾರು ಹಲಗೆಯನ್ನು ಕೇಳಿ ತನ್ನಿ.